ಆಯಿಗೆ ಯಾರೂ ಹೇಳಿರಲಿಲ್ಲ: ಗದಗ ಸೀಮೆಯ ಒಂದು ಅಂಗನವಾಡಿಯ ಲಸಿಕೆ ಪ್ರಕರಣ

2021ರ ಜನವರಿ ಕೊನೆಯ ವಾರ. ಗದಗ ತಾಲ್ಲೂಕಿನ ಒಂದು ಹಳ್ಳಿಯ ಅಂಗನವಾಡಿ ಕಾರ್ಯಕರ್ತೆ ಕೊರೊನಾ ಲಸಿಕೆಯ ಮೊದಲ ಡೋಸ್ ಹಾಕಿಸಿಕೊಂಡು ಸಂಜೆ ಬಸ್ಸಿಗೆ ಊರಿಗೆ ಬಂದರು. ರಾತ್ರಿ ಚಳಿಜ್ವರ ಹಿಡಿಯಿತು. ಬೆಳಿಗ್ಗೆ ಅಂಗನವಾಡಿ ಸಹಾಯಕಿ ಅವರ ಮನೆಗೆ ಹೋದರೆ, ಟೀಚರ್ ಎರಡು ಕೌದಿ ಹೊದ್ದು ನಡುಗುತ್ತಿದ್ದರು. ಸಹಾಯಕಿ ಚಹಾ ಕಾಸಿ ಕೊಟ್ಟರು, ಹಣೆ ಮುಟ್ಟಿ ನೋಡಿದರು, ಏನೂ ಮಾತಾಡದೆ ಹೊರಗೆ ಬಂದರು. ನಳದ ಹತ್ತಿರ ಕೊಡ ಹಿಡಿದು ನಿಂತಿದ್ದ ಹೆಣ್ಣುಮಕ್ಕಳು "ಟೀಚರ್ ಯಾಕ ಬಂದಿಲ್ಲ?" ಅಂತ ಕೇಳಿದರು.

"ಸೂಜಿ ಮಾಡಿಸ್ಕೊಂಡು ಬಂದಾರ. ಮೈ ಕೆಂಡ ಆಗೇತಿ" ಅಂದರು ಸಹಾಯಕಿ.

ಅಷ್ಟೇ ಮಾತು. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಆದರೆ ಆ ಮಾತಿನ ಬೆನ್ನು ಹತ್ತಿ ನಾವು ಆರು ತಿಂಗಳು ಓಡಾಡಬೇಕಾಯಿತು.

ನಾನು ಆಗ ಆ ಭಾಗದ ಅಂಗನವಾಡಿಗಳ ಮೇಲ್ವಿಚಾರಕಿ. ಊರಿನ ಹೆಸರು, ಜನರ ಹೆಸರು ಇಲ್ಲಿ ಬರೆಯುವುದಿಲ್ಲ. ಸಹಾಯಕಿಯನ್ನು ಮಕ್ಕಳು 'ಆಯಿ' ಅಂತ ಕರೆಯುತ್ತಿದ್ದರು. ಮಕ್ಕಳು ಕರೆದಂತೆ ಊರೂ ಕರೆಯುತ್ತಿತ್ತು. ನಾನೂ ಹಾಗೇ ಬರೆಯುತ್ತೇನೆ. ಆಗ ಅವರಿಗೆ ಐವತ್ತು ದಾಟಿತ್ತು.

ಪಟ್ಟಿಯಲ್ಲಿದ್ದ ಹೆಸರು

ದೇಶದಲ್ಲಿ ಕೊರೊನಾ ಲಸಿಕೆ ಶುರುವಾಗಿದ್ದು 2021ರ ಜನವರಿ 16ಕ್ಕೆ. ಮೊದಲ ಸರದಿ ಆರೋಗ್ಯ ಸಿಬ್ಬಂದಿಯದು. ಅಂಗನವಾಡಿ ಕಾರ್ಯಕರ್ತೆಯರು, ಸಹಾಯಕಿಯರು ಕೂಡ ಅದೇ ಸರದಿಯಲ್ಲಿದ್ದರು. ಇದು ಜಾಸ್ತಿ ಜನಕ್ಕೆ ನೆನಪಿಲ್ಲ. ಸಣ್ಣ ಮಕ್ಕಳನ್ನು ನೋಡಿಕೊಳ್ಳುವ ಹೆಣ್ಣುಮಕ್ಕಳಿಗೆ ಡಾಕ್ಟರು, ನರ್ಸುಗಳ ಜೊತೆಗೇ ಲಸಿಕೆ ಎತ್ತಿಟ್ಟಿದ್ದರು.

ನಮ್ಮ ಕಚೇರಿಯಿಂದ ಎಲ್ಲರ ಹೆಸರು, ಗುರುತಿನ ಚೀಟಿ, ಮೊಬೈಲ್ ನಂಬರ್ ಕಳಿಸಿದ್ದೆವು. ಆಯಿ ಹತ್ತಿರ ಮೊಬೈಲ್ ಇರಲಿಲ್ಲ. ಮಗನ ನಂಬರ್ ಬರೆಸಿದ್ದರು. ಮಗ ಗೋವಾದಲ್ಲಿ ಗೌಂಡಿ ಕೆಲಸಕ್ಕೆ ಹೋಗಿದ್ದ. ಲಸಿಕೆಯ ದಿನ, ಜಾಗ ತಿಳಿಸುವ ಮೆಸೇಜ್ ಇಂಗ್ಲಿಷಿನಲ್ಲಿ ಅವನ ಫೋನಿಗೆ ಹೋಯಿತು. ಅವನು ಅದನ್ನು ಸಿಮ್ ಕಂಪನಿಯದು ಅಂದುಕೊಂಡು ಬಿಟ್ಟುಬಿಟ್ಟ.

ತರಬೇತಿಯ ಕಥೆಯೂ ಹಾಗೇ ಆಯಿತು. ಲಸಿಕೆ ಬಗ್ಗೆ ನಮ್ಮ ಸಿಬ್ಬಂದಿಗೆ ತಿಳಿಸಿದ್ದು ಮೊಬೈಲಿನ ವಿಡಿಯೊ ಮೀಟಿಂಗಿನಲ್ಲಿ. ಮೊಬೈಲ್ ಇದ್ದದ್ದು ಕಾರ್ಯಕರ್ತೆಯ ಕೈಯಲ್ಲಿ. ಅವರು ಮೂಲೆಯಲ್ಲಿ ಕೂತು ಮೀಟಿಂಗ್ ಕೇಳುವಾಗ ಆಯಿ ಒಳಗೆ ಮನೆಗಳಿಗೆ ಹಂಚಬೇಕಾದ ಅಕ್ಕಿ, ಬೆಲ್ಲ ತೂಗಿ ಕಟ್ಟುತ್ತಿದ್ದರು.

ಲಸಿಕೆಯ ದಿನ ಆಯಿ ಬರಲಿಲ್ಲ. ನನ್ನ ವರದಿಯ ಕೊನೆಯ ಕಾಲಂನಲ್ಲಿ ಕಾರಣ ಬರೆಯಬೇಕಿತ್ತು. 'ನಿರಾಕರಣೆ' ಅಂತ ಬರೆದೆ. ಈ ಪ್ರಕರಣದ ಮೊದಲ ತಪ್ಪು ಅದು, ಮತ್ತು ಅದು ನನ್ನದು. ಬೇಡ ಅನ್ನಬೇಕಾದರೆ ಮೊದಲು ಯಾರಾದರೂ ಬೇಕಾ ಅಂತ ಕೇಳಿರಬೇಕು, ಅಲ್ವಾ? ಆಯಿಯನ್ನು ಯಾರೂ ಕೇಳಿರಲೇ ಇಲ್ಲ.

ಅಂಗನವಾಡಿ ಒಳಗಿನವರಿಗೆ ಇದು ಗೊತ್ತು. ದಾಖಲೆ, ಲೆಕ್ಕ, ಪಾಠ ಕಾರ್ಯಕರ್ತೆಯದು. ಮನೆಗಳ ನಂಟು ಸಹಾಯಕಿಯದು. ಬೆಳಿಗ್ಗೆ ಬಾಗಿಲಿಗೆ ಹೋಗಿ ಕೂಸನ್ನು ಕರೆದುಕೊಂಡು ಬರುವವರು ಅವರು. ಮೂಗು ಒರೆಸುವವರು, ಚಡ್ಡಿ ಬದಲಿಸುವವರು ಅವರು. ಯಾವ ಮಗು ತತ್ತಿ ತಿನ್ನುವುದಿಲ್ಲ, ಯಾವ ಮನೆಯಲ್ಲಿ ಅತ್ತೆ ಮಾತೇ ಕೊನೆ ಮಾತು, ಯಾವ ಸೊಸೆ ತವರಿಗೆ ಹೋಗಿ ಎರಡು ತಿಂಗಳಾಯಿತು, ಎಲ್ಲ ಅವರಿಗೆ ಗೊತ್ತು. 2020ರ ಮಾರ್ಚಿನಲ್ಲಿ ಅಂಗನವಾಡಿ ಮುಚ್ಚಿದ ಮೇಲೆ ಅಕ್ಕಿ, ಹೆಸರುಕಾಳು, ಬೆಲ್ಲ, ಹಾಲಿನ ಪುಡಿ, ತತ್ತಿ ಮನೆ ಬಾಗಿಲಿಗೇ ಮುಟ್ಟಿಸಬೇಕಾಯಿತು. ಆ ಚೀಲ ಹೊತ್ತು ಓಣಿ ಓಣಿ ತಿರುಗಿದವರೂ ಆಯಿಯೇ.

ಏಪ್ರಿಲ್ 1ರಿಂದ 45 ದಾಟಿದವರಿಗೆಲ್ಲ ಲಸಿಕೆ ಅಂತಾಯಿತು. ಆಶಾ ಕಾರ್ಯಕರ್ತೆ ಮತ್ತು ಟೀಚರ್ ಮನೆಮನೆಗೆ ಹೊರಟರು. ಎಲ್ಲ ಕಡೆ ಒಂದೇ ಪ್ರಶ್ನೆ: "ಆಯಿ ಹಾಕಿಸ್ಕೊಂಡಾಳೇನು?" ಹಿಂದೆ ಚೀಲ ಹಿಡಿದು ನಿಂತ ಆಯಿ ನೆಲ ನೋಡುತ್ತಿದ್ದರು. ಮನೆಯವರಿಗೆ ಅಷ್ಟು ಸಾಕಾಗುತ್ತಿತ್ತು.

ಅಂಗನವಾಡಿ ಮಕ್ಕಳಿಗಂತೂ ಲಸಿಕೆ ಇರಲಿಲ್ಲ. ಸರ್ಕಾರದ ಅಭಿಯಾನದಲ್ಲಿ 15ರಿಂದ 18ರೊಳಗಿನವರಿಗೆ ಶುರುವಾಗಿದ್ದೇ 2022ರ ಜನವರಿ 3ಕ್ಕೆ. 12ರಿಂದ 14 ವರ್ಷದವರಿಗೆ ಮಾರ್ಚ್ 16ಕ್ಕೆ. ಅದಕ್ಕಿಂತ ಸಣ್ಣವರ ಸರದಿ ಬರಲೇ ಇಲ್ಲ. ಮೂರು ವರ್ಷದ ಕೂಸಿಗೆ ನಾವು ಕೊಡಬಹುದಾಗಿದ್ದ ಕಾವಲು ಒಂದೇ. ಅದನ್ನು ಎತ್ತುವ, ಉಣಿಸುವ, ಮಗ್ಗುಲಲ್ಲಿ ಮಲಗಿಸಿಕೊಳ್ಳುವ ದೊಡ್ಡವರು ಹಾಕಿಸಿಕೊಳ್ಳಬೇಕು. ಆಯಿ ಹಾಕಿಸಿಕೊಳ್ಳುವುದು ನನಗೆ ಅಷ್ಟು ಮುಖ್ಯವಾಗಿದ್ದು ಇದಕ್ಕೇ.

ಮೈಕಿನಲ್ಲಿ ಇಲ್ಲದ ಉತ್ತರ

ಏಪ್ರಿಲ್, ಮೇ ತಿಂಗಳಲ್ಲಿ ನಾವು ಮಾಡಿದ್ದು ಎಲ್ಲರೂ ಮಾಡಿದ್ದೇ. ಪಂಚಾಯಿತಿಯ ಕಸದ ಗಾಡಿಗೆ ಮೈಕ್ ಕಟ್ಟಿದೆವು. 'ಲಸಿಕೆ ಸುರಕ್ಷಿತ, ವದಂತಿಗೆ ಕಿವಿಗೊಡಬೇಡಿ' ಅಂತ ದಿನಕ್ಕೆ ಎರಡು ಸಲ ಕೂಗಿಸಿದೆವು. ಗೋಡೆಗೆ ಪೋಸ್ಟರ್ ಅಂಟಿಸಿದೆವು. ಯಾರ ಹತ್ತಿರ ಯಾವ ಪ್ರಶ್ನೆ ಇದೆ ಅಂತ ಕೇಳಲಿಲ್ಲ. ಪಕ್ಕದ ಓಣಿಯಲ್ಲಿ ಯಾರೋ 'ಹಾಕಿಸಿಕೊಳ್ಳದಿದ್ದರೆ ರೇಷನ್ ಬಂದ್' ಅಂತ ಹೆದರಿಸಿಯೂ ಬಿಟ್ಟರು. ಲಸಿಕೆ ಅವರವರ ಇಚ್ಛೆಗೆ ಬಿಟ್ಟದ್ದು ಅಂತ ಸರ್ಕಾರವೇ ಹೇಳಿತ್ತು. ಆ ಹೆದರಿಕೆಯಿಂದ ಹಾಕಿಸಿಕೊಂಡವರು ಯಾರೂ ಇಲ್ಲ. ಆಹಾರದ ಚೀಲ ತರುವವರನ್ನು ಕಂಡರೂ ಒಳಗೆ ಹೋಗುವವರು ಮಾತ್ರ ಹೆಚ್ಚಾದರು.

ಜೂನಿನಲ್ಲಿ, ಎರಡನೇ ಅಲೆ ಇಳಿಯುವಾಗ, ನಾನು ಮಾತಾಡುವುದು ಬಿಟ್ಟು ಕೇಳತೊಡಗಿದೆ. ಗುಡಿಕಟ್ಟೆ ಮೇಲೆ ಕೂತು, ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಜನ ಕೇಳಿದ್ದನ್ನು ಕೇಳಿದ ಹಾಗೇ ಬರೆದುಕೊಂಡೆ. ಆ ಹಾಳೆ ಇನ್ನೂ ನನ್ನ ಹತ್ತಿರ ಇದೆ.

ಮೊದಲನೆಯದು ಕೂಲಿ. "ಎರಡ ದಿನ ಜ್ವರ ಬಂದು ಮಲಗಿದ್ರ ಪಗಾರ ಯಾರ ಕೊಡ್ತಾರ್ರಿ?" ಇದು ವದಂತಿ ಅಲ್ಲವೇ ಅಲ್ಲ. ದಿನಗೂಲಿಯವರ ಲೆಕ್ಕ. ನಮ್ಮ ಪೋಸ್ಟರಿನಲ್ಲಿ ಇದಕ್ಕೆ ಒಂದು ಸಾಲೂ ಇರಲಿಲ್ಲ.

ಎರಡನೆಯದು ದಿನಗಳ ಲೆಕ್ಕ. ಗೋಡೆಯ ಪೋಸ್ಟರಿನಲ್ಲಿ ಎರಡನೇ ಡೋಸ್ 28 ದಿನಕ್ಕೆ ಅಂತ ಇತ್ತು. ಕೋವಿಶೀಲ್ಡ್‌ಗೆ ಮೊದಲು 4ರಿಂದ 6 ವಾರದ ಅಂತರ ಇದ್ದದ್ದು ನಿಜ. ಮಾರ್ಚಿನಲ್ಲಿ ಅದು 6ರಿಂದ 8 ವಾರ ಆಯಿತು. ಮೇ 13ರಂದು 12ರಿಂದ 16 ವಾರ ಆಯಿತು. ಕೋವ್ಯಾಕ್ಸಿನ್‌ಗೆ ಮಾತ್ರ 4ರಿಂದ 6 ವಾರವೇ ಉಳಿಯಿತು. ಮೊದಲ ಡೋಸಿಗೂ ಎರಡನೆಯದಕ್ಕೂ ನಡುವೆ ಜಾಸ್ತಿ ದಿನ ಬಿಟ್ಟರೆ ಮೈ ಚೆನ್ನಾಗಿ ತಯಾರಾಗುತ್ತದೆ ಅಂತ ಅಧ್ಯಯನಗಳಲ್ಲಿ ಕಂಡಿದ್ದರಿಂದ ಬದಲಾಯಿಸಿದರು. ಕಾರಣ ಹೇಳಿದ್ದರೆ ಯಾರಾದರೂ ಒಪ್ಪುತ್ತಿದ್ದರು. ನಾವು ಕಾರಣ ಹೇಳಲಿಲ್ಲ, ಹಳೇ ಪೋಸ್ಟರನ್ನೂ ಕೀಳಲಿಲ್ಲ. "ದಿನಕ್ಕೊಂದ ಮಾತಾಡ್ತೀರಿ" ಅಂತ ಒಬ್ಬ ಅಜ್ಜ ನನಗೇ ಹೇಳಿದರು. ಮೇ ತಿಂಗಳಲ್ಲಿ ಕೊರೊನಾ ಬಂದು ವಾಸಿಯಾದ ಒಬ್ಬರನ್ನು 'ಮೂರು ತಿಂಗಳು ಬಿಟ್ಟು ಬನ್ನಿ' ಅಂತ ವಾಪಸ್ ಕಳಿಸಿದ್ದರು. ನಿಯಮ ಹಾಗೇ ಇತ್ತು. ಊರಿಗೆ ಕಂಡಿದ್ದು ಮಾತ್ರ, ಹಾಕಿಸಿಕೊಳ್ಳಲು ಹೋದವನನ್ನೇ ಬೇಡ ಅಂದರು ಅಂತ.

ಮೂರನೆಯದು ನನಗೆ ಯಾರೂ ನೇರವಾಗಿ ಕೇಳಲಿಲ್ಲ. ಆಯಿಯನ್ನು ಕೇಳಿದ್ದರು. ಮುಟ್ಟಿಗೆ ಐದು ದಿನ ಮುಂಚೆ, ಐದು ದಿನ ಆಮೇಲೆ ಲಸಿಕೆ ಹಾಕಿಸಿಕೊಳ್ಳಬಾರದು ಅಂತ ಒಂದು ವಾಟ್ಸಾಪ್ ಮೆಸೇಜ್ ಏಪ್ರಿಲಿನಲ್ಲಿ ಎಲ್ಲ ಕಡೆ ಓಡಾಡಿತ್ತು. ಅದು ಸುಳ್ಳು ಅಂತ ಕೇಂದ್ರ ಸರ್ಕಾರ ಆಗಲೇ ಹೇಳಿತ್ತು. ಆದರೆ ಆ ಉತ್ತರ ಆಯಿಯವರೆಗೆ ಬಂದಿರಲಿಲ್ಲ. ಬಂದಿದ್ದು ಮೆಸೇಜ್ ಮಾತ್ರ. ಹರೆಯದ ಹೆಣ್ಣುಮಕ್ಕಳು, ಬಾಣಂತಿಯರು ಇಂಥ ಮಾತನ್ನು ಮೈಕಿಗೆ ಕೇಳುವುದಿಲ್ಲ, ಮೇಡಂಗೂ ಕೇಳುವುದಿಲ್ಲ. ಒಲೆ ಮುಂದೆ ಕೂತ ಆಯಿಗೆ ಕೇಳುತ್ತಾರೆ. ಆಯಿ "ನನಗೂ ಗೊತ್ತಿಲ್ಲವ್ವ" ಅನ್ನುತ್ತಿದ್ದರು. ಅದು ಪ್ರಾಮಾಣಿಕ ಉತ್ತರ. ಕೇಳಿದವರು ಮನೆಗೆ ಹೋಗಿ ಸುಮ್ನೆ ಕೂತರು.

ನಾಲ್ಕನೆಯದು ಪಕ್ಕದ ಊರಿನ ಒಂದು ಸಾವು. ಲಸಿಕೆ ಆಗಿ ಎಂಟು ದಿನಕ್ಕೆ ಒಬ್ಬರು ತೀರಿಕೊಂಡಿದ್ದರು. ಅದಕ್ಕೆ ಆಮೇಲೆ ಬರುತ್ತೇನೆ.

ನಾಲ್ಕು ಮಾತು

ನಮ್ಮಲ್ಲಿ ಮಕ್ಕಳ ಲಸಿಕೆಯ ದಿನ ಗುರುವಾರ. ಜುಲೈನ ಒಂದು ಗುರುವಾರ ನಾನೂ ಹೋಗಿದ್ದೆ. ಅಂಗನವಾಡಿ ಪಡಸಾಲೆಯಲ್ಲಿ ಚಾಪೆ. ಸಿಸ್ಟರ್ ಮುಂದೆ ನೀಲಿ ಲಸಿಕೆ ಡಬ್ಬಿ, ಒಳಗೆ ಐಸ್ ಪ್ಯಾಕ್. ಚೊಚ್ಚಲ ಬಾಣಂತಿಯೊಬ್ಬಳು ಆರು ವಾರದ ಕೂಸು ತಂದಿದ್ದಳು. ಬಾಯಿಗೆ ಹನಿ ಹಾಕಿದ ಮೇಲೆ ತೊಡೆಗೆ ಪೆಂಟಾ ಸೂಜಿ, ಐದು ರೋಗ ತಡೆಯುವುದು. ಕೂಸು ಕಿರುಚಿದ್ದಕ್ಕೆ ತಾಯಿಯ ಕಣ್ಣಲ್ಲೂ ನೀರು. ಆಯಿ ಕೂಸನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟುತ್ತ ಹೇಳಿದರು: "ರಾತ್ರಿ ಜ್ವರ ಬರತಾವ. ಹೆದರಬ್ಯಾಡ. ಬಂದ್ರ ಸೂಜಿ ಹತ್ತೈತಿ ಅಂತ ತಿಳಿ. ಸಿಸ್ಟರ್ ಕೊಟ್ಟ ಔಷಧ ಹಾಕು, ಹಾಲ ಕುಡಿಸೋದು ಬಿಡಬ್ಯಾಡ. ನಾಳಿಗಿ ಆಡತೈತಿ ನೋಡು."

ಎಷ್ಟೋ ವರ್ಷದಿಂದ ಅವರು ಹೇಳಿಕೊಂಡು ಬಂದ ಮಾತು. ಸಿಸ್ಟರ್ ಸಿರಿಂಜಿನ ಸೂಜಿ ಕತ್ತರಿಸುತ್ತಿದ್ದವರು ಕೈ ನಿಲ್ಲಿಸಿ ತಲೆ ಎತ್ತಿದರು.

"ಆಯಿ, ಟೀಚರ್‌ಗೆ ಬಂದಿದ್ದೂ ಇದ ಜ್ವರ ಅಲ್ಲೇನ್ರಿ?"

ಆಯಿ ಕೂಸಿನ ಬೆನ್ನು ತಟ್ಟುವುದನ್ನು ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು: "ಹಂಗಂತ ಯಾರೂ ಹೇಳಲಿಲ್ಲಲ್ರಿ."

ನನಗೆ ಆ ಹೊತ್ತಿಗೆ ಮುಖ ಎತ್ತುವುದಾಗಲಿಲ್ಲ. ಯಾಕೆ ಅಂತ ಹೇಳುತ್ತೇನೆ. ಮಕ್ಕಳಿಗೆ ಲಸಿಕೆ ಹಾಕಿದಾಗ ತಾಯಿಗೆ ನಾಲ್ಕು ಮಾತು ಹೇಳಲೇಬೇಕು ಅಂತ ಸಿಸ್ಟರುಗಳಿಗೆ ಕಲಿಸಿರುತ್ತಾರೆ. ಇವತ್ತು ಹಾಕಿದ್ದು ಯಾವ ಲಸಿಕೆ, ಅದು ಯಾವ ರೋಗ ತಡೆಯುತ್ತದೆ. ಏನೇನು ಸಣ್ಣ ತೊಂದರೆ ಬರಬಹುದು, ಬಂದರೆ ಏನು ಮಾಡಬೇಕು. ಮುಂದಿನದು ಯಾವಾಗ, ಎಲ್ಲಿ. ಮತ್ತು ಕಾರ್ಡ್ ಜೋಪಾನವಾಗಿ ಇಟ್ಟುಕೊಂಡು ಮುಂದಿನ ಸಲ ತರಬೇಕು. ದೊಡ್ಡ ವಿದ್ಯೆ ಏನಲ್ಲ. ಗುರುವಾರ ಗುರುವಾರ ಕೇಳಿ ಕೇಳಿ ಆಯಿಗೂ ಬಾಯಿಪಾಠ. ಇಷ್ಟು ಗೊತ್ತಿರುವ ನಾವು ಕೊರೊನಾ ಲಸಿಕೆಗೆ ಬಂದಾಗ ನಾಲ್ಕನ್ನೂ ಬಿಟ್ಟಿದ್ದೆವು. ಟೀಚರ್ ಜನವರಿಯಲ್ಲಿ ಹೋದಾಗ ದೊಡ್ಡ ಸಾಲು ಇತ್ತು, ಗಡಿಬಿಡಿ ಇತ್ತು. ಅರ್ಧ ಗಂಟೆ ಕೂರಿಸಿ ಕಳಿಸಿದ್ದರು. ಜ್ವರ ಬರಬಹುದು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಅವರು ಹಿಂದಿನ ದಿನವೇ ಆಯಿಗೆ ಹೇಳಿರುತ್ತಿದ್ದರು. ನಳದ ಹತ್ತಿರದ ಮಾತು ಬೇರೆಯೇ ಆಗಿರುತ್ತಿತ್ತು.

ಆವತ್ತು ಸಿಸ್ಟರ್ ಇನ್ನೊಂದು ಮಾತು ಸೇರಿಸಿದರು. "ಜ್ವರ ಬರಲಿಲ್ಲ ಅಂದ್ರೂ ಸೂಜಿ ಹತ್ತಿರತೈತಿ, ಆಯಿ. ಒಬ್ಬೊಬ್ರ ಮೈ ಒಂದೊಂದ ಥರ." ಇದು ಮುಂದೆ ಬಹಳ ಉಪಯೋಗಕ್ಕೆ ಬಂತು. ಜ್ವರ ಬರದವರು 'ನಮಗ ನೀರ ಹಾಕಿ ಕಳಸ್ಯಾರ' ಅನ್ನುವುದು ತಪ್ಪಿತು.

ಬರೆದು ಕೊಡಿ ಅಂದಾಗ

ಆಯಿಯ ಮಗಳು ಐದು ತಿಂಗಳ ಬಸುರಿ. ಪಂಚಮಿ ಹಬ್ಬಕ್ಕೆ ತವರಿಗೆ ಬರುವವಳಿದ್ದಳು. ಬಸುರಿಯರಿಗೆ ಲಸಿಕೆ ಕೊಡಬಹುದು ಅಂತ ಸರ್ಕಾರ ಹೇಳಿದ್ದು 2021ರ ಜುಲೈ 2ಕ್ಕೆ. ಅದಕ್ಕೂ ಮೊದಲು ಮೇ ತಿಂಗಳಲ್ಲಿ ಹಾಲುಣಿಸುವ ತಾಯಂದಿರಿಗೆ ಒಪ್ಪಿಗೆ ಬಂದಿತ್ತು. ಆಯಿಗೆ ಈಗ ತನ್ನದಕ್ಕಿಂತ ಮಗಳ ಚಿಂತೆ ಜಾಸ್ತಿ ಆಯಿತು. ಹಾಗಾಗಿ ಜುಲೈ ಕೊನೆಗೆ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ್ ಅಂಗನವಾಡಿಗೆ ಬಂದಾಗ ಮೊದಲು ಎದ್ದು ಕೇಳಿದವರೇ ಆಯಿ. ಡಾಕ್ಟರ್ ಹೆಣ್ಣುಮಗಳು, ವಯಸ್ಸು ಸಣ್ಣದು. ಅವರನ್ನು ಭಾಷಣಕ್ಕೆ ಕರೆಸಿರಲಿಲ್ಲ. ನನ್ನ ನೋಟ್‌ಬುಕ್ಕಿನ ಹಾಳೆ ಕೊಟ್ಟು, ಇದಕ್ಕೆ ಉತ್ತರ ಹೇಳಿ ಸಾಕು ಅಂದಿದ್ದೆ.

"ಹಾಕಿಸ್ಕೊಂಡ್ರ ಸಾಯೂದಿಲ್ಲ ಅಂತ ಬರದ ಕೊಡ್ತೀರೇನ್ರಿ?" ಅಂದರು ಆಯಿ. ಪಕ್ಕದ ಊರಿನ ಸಾವು ಎಲ್ಲರ ಮನಸ್ಸಿನಲ್ಲಿತ್ತು. ಕೂತವರೆಲ್ಲ ಡಾಕ್ಟರ್ ಮುಖ ನೋಡಿದರು.

ನಾನಾಗಿದ್ದರೆ 'ಏನೂ ಆಗಲ್ಲ' ಅಂತ ಹೇಳಿಬಿಡುತ್ತಿದ್ದೆ. ಡಾಕ್ಟರ್ ಹಾಗೆ ಹೇಳಲಿಲ್ಲ. "ಬರೆದು ಕೊಡೋಕಾಗಲ್ಲ ಆಯಿ" ಅಂದರು. ಆ ಮನುಷ್ಯ ಯಾಕೆ ತೀರಿಕೊಂಡರು ಅಂತ ತನಗೆ ಗೊತ್ತಿಲ್ಲ, ಲಸಿಕೆ ಆದಮೇಲೆ ಹಾಗಾದರೆ ಅದನ್ನು ನೋಡಲು ಜಿಲ್ಲೆಯಲ್ಲಿ ಒಂದು ಸಮಿತಿ ಇದೆ, ಅವರು ನೋಡುವವರೆಗೆ ಲಸಿಕೆಯಿಂದಲೇ ಅಂತಲೂ ಹೇಳಲಾರೆ, ಅಲ್ಲ ಅಂತಲೂ ಹೇಳಲಾರೆ ಅಂದರು. ಆಮೇಲೆ ಗೊತ್ತಿದ್ದದ್ದನ್ನು ಹೇಳಿದರು. ಜೋರು ಅಲರ್ಜಿ ಆಗುವುದಾದರೆ ಸಾಮಾನ್ಯವಾಗಿ ಮೊದಲ ಅರ್ಧ ಗಂಟೆಯೊಳಗೆ ಆಗುತ್ತದೆ. ಅದಕ್ಕೇ ಅಲ್ಲಿ ಕೂರಿಸುವುದು. ಅದಕ್ಕೆ ಔಷಧ ಪಕ್ಕದಲ್ಲೇ ಇಟ್ಟಿರುತ್ತಾರೆ. ಕೋವಿಶೀಲ್ಡ್ ಆದವರಲ್ಲಿ ತೀರಾ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟಿದ್ದು ಕಂಡಿದೆ. ದೇಶದ ಲೆಕ್ಕದಲ್ಲಿ 10 ಲಕ್ಷ ಡೋಸಿಗೆ 0.61, ಅಂದರೆ ಒಂದಕ್ಕಿಂತ ಕಡಿಮೆ. 20 ದಿನದೊಳಗೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಕೈಕಾಲು ಬಾತರೆ, ಬಿಡದೆ ತಲೆ ಸಿಡಿದರೆ, ಕಣ್ಣು ಮಂಜಾದರೆ ರಾತ್ರಿಯಾದರೂ ಫೋನ್ ಮಾಡಿ ಅಂತ ಆಶಾ ಹತ್ತಿರ ನಂಬರ್ ಬರೆಸಿದರು.

ಬಸುರಿಯ ಮಾತಿಗೆ ಬಂದರು. ಬಸುರಿಯರಿಗೆ ಕೊರೊನಾ ಬಂದರೆ ಬೇರೆಯವರಿಗಿಂತ ಜೋರಾಗುವ ಭಯ ಜಾಸ್ತಿ, ಕೂಸು ದಿನ ತುಂಬುವ ಮೊದಲೇ ಹುಟ್ಟುವ ಭಯವೂ ಇದೆ. ಈ ಲಸಿಕೆಗಳಲ್ಲಿ ಮೈಯೊಳಗೆ ಬೆಳೆದು ಕೊರೊನಾ ತರುವ ವೈರಸ್ ಇಲ್ಲ. ಎಷ್ಟನೇ ತಿಂಗಳಲ್ಲಾದರೂ ಹಾಕಿಸಿಕೊಳ್ಳಬಹುದು. ಬಾಣಂತಿ ಹಾಲು ಕುಡಿಸುವುದನ್ನು ಒಂದು ಹೊತ್ತೂ ನಿಲ್ಲಿಸಬೇಕಾಗಿಲ್ಲ. ಮುಟ್ಟಿನ ಮಾತನ್ನು ಡಾಕ್ಟರ್ ಗಂಡಸರನ್ನು ಹೊರಗೆ ಕಳಿಸಿ ಹೇಳಿದರು. ಯಾವ ದಿನವಾದರೂ ಆಗುತ್ತದೆ, ಮಕ್ಕಳಾಗುವುದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತ. "ಮಗಳನ್ನ 9ನೇ ತಾರೀಕು ಚೆಕಪ್‌ಗೆ ಕರ್ಕೊಂಡು ಬನ್ನಿ, ನೋಡಿ ಹೇಳ್ತೀನಿ" ಅಂದರು. ತಿಂಗಳ 9ಕ್ಕೆ ಬಸುರಿಯರ ತಪಾಸಣೆ ಇರುತ್ತದೆ.

ಜನ ಎದ್ದು ಹೋಗುವಾಗ ಆಯಿ ನನ್ನ ಹತ್ತಿರ ಬಂದರು. "ಬರದ ಕೊಡಲಿಲ್ಲ, ಆದ್ರ ಖರೇ ಹೇಳಿದ್ರು" ಅಂದರು. ಆಮೇಲೆ, "ಬುಧವಾರ ನನ್ನ ಹೆಸರ ಬರೀರಿ."

ಹತ್ತು ಡೋಸಿನ ಬಾಟಲಿ

ಆಗಸ್ಟ್ 4, ಬುಧವಾರ. ಅಂಗನವಾಡಿಯಲ್ಲೇ ಲಸಿಕೆ. ಹಿಂದಿನ ಸಂಜೆ ಆಯಿ ನಳದ ಹತ್ತಿರ ಹೋಗಿ ಹೇಳಿ ಬಂದಿದ್ದರಂತೆ: "ನಾಳೆ ನಾ ಸೂಜಿ ಮಾಡಿಸ್ಕೊಳ್ತೀನಿ. ನಾಡದು ಜ್ವರ ಬರಬಹುದು. ಬಂದ್ರ ಗಾಬರಿ ಆಗಬ್ಯಾಡ್ರಿ." ಟೀಚರ್ ಇದನ್ನು ನನಗೆ ಹೇಳಿದಾಗ ಕಣ್ಣು ತುಂಬಿ ಬಂತು.

ಆವತ್ತು ಬೆಳಿಗ್ಗೆ ಬಂದವರು ಆಯಿ ಸೇರಿ ಆರು ಜನ. ಸಿಸ್ಟರ್ ಡಬ್ಬಿ ತೆಗೆಯದೆ ಕಾಯುತ್ತಿದ್ದರು. ಹಿಂದೆ ಎರಡು ಸಲ ಹೀಗೇ ಆಗಿ, ಕಾದು ಕಾದು ಬೇಸತ್ತು ಜನ ಎದ್ದು ಹೋಗಿದ್ದರು. 'ಔಷಧ ಇಲ್ಲದ ಕರಸ್ತಾರ' ಅಂತ ಮಾತಾಗಿತ್ತು. ಒಬ್ಬರು ಎದ್ದು ನಿಂತರು. ಈ ಸಲ ಸಿಸ್ಟರ್ ಒಂದು ಬಾಟಲಿ ಹೊರಗೆ ತೆಗೆದು ಅಂಗೈ ಮೇಲಿಟ್ಟು ತೋರಿಸಿದರು. ಹೆಬ್ಬೆರಳಿನಷ್ಟು ಎತ್ತರದ ಗಾಜಿನ ಬಾಟಲಿ. "ಇದರಾಗ ಹತ್ತು ಮಂದಿದು ಐತಿ. ಒಮ್ಮೆ ಸೂಜಿ ಚುಚ್ಚಿ ತೆಗದ್ರ ನಾಕ ತಾಸಿನ್ಯಾಗ ಮುಗಿಸಬೇಕು. ಆರು ಮಂದಿಗೆ ಹಾಕಿದ್ರ ನಾಕ ಮಂದಿದು ಚೆಲ್ಲಬೇಕಾಕ್ಕೈತಿ."

ಅನ್ನ ಚೆಲ್ಲುವುದು ಆಯಿಗೆ ಆಗದ ಮಾತು. ಅಂಗನವಾಡಿ ಪಾತ್ರೆಯಲ್ಲಿ ಒಂದು ಸೌಟು ಉಳಿದರೂ ಯಾವುದಾದರೂ ಕೂಸಿನ ಮನೆಗೆ ಮುಟ್ಟಿಸುವವರು. ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟೇಬಿಟ್ಟರು. ಅರ್ಧ ಗಂಟೆಯಲ್ಲಿ ನಾಲ್ಕು ಜನರನ್ನು ಕರೆತಂದರು. ಸಕ್ಕರೆ ಕಾಯಿಲೆಯ ಒಬ್ಬ ಅಜ್ಜಿ, ಮಕ್ಕಳ ತಾಯಂದಿರು ಇಬ್ಬರು, ಹೊಲಕ್ಕೆ ಹೊರಟು ನಿಂತಿದ್ದ ಒಬ್ಬ ಅಪ್ಪ. ಅವರಿಗೆ ಏನು ಹೇಳಿದಿರಿ ಅಂತ ಕೇಳಿದೆ. "ನಿಮ್ಮ ಪಾಲಿನ ಔಷಧ ಚೆಲ್ಲತಾರಂತ, ಬರ್ರಿ ಅಂದೆ" ಅಂದರು.

ಮೊದಲ ಸೂಜಿ ಆಯಿಗೇ. ರಾತ್ರಿ ಜ್ವರ ಬಂತು. ಮಾರನೇ ದಿನ ಗುಳಿಗೆ ತಗೊಂಡು, ಮಧ್ಯಾಹ್ನದ ಹೊತ್ತಿಗೆ ಕಟ್ಟೆ ಮೇಲೆ ಬಂದು ಕೂತರು. ಯಾರು ಕೇಳಿದರೂ ತೋಳು ತೋರಿಸಿ, ಇಲ್ಲಿ ನೋವು, ಜ್ವರ ಇಷ್ಟು ಹೊತ್ತಿಗೆ ಬಂತು, ಇಷ್ಟು ಹೊತ್ತಿಗೆ ಇಳಿಯಿತು ಅಂತ ಹೇಳಿದರು.

ಕೂಲಿಯ ಪ್ರಶ್ನೆಗೆ ನಮ್ಮ ಹತ್ತಿರ ದುಡ್ಡಿನ ಉತ್ತರ ಇರಲಿಲ್ಲ. ಆಗಸ್ಟ್ ಅಂದರೆ ಗದಗ ಸೀಮೆಯಲ್ಲಿ ಹೆಸರುಕಾಯಿ ಬಿಡಿಸುವ ಕಾಲ. ಬಿಸಿಲು ಏರುವ ಮೊದಲೇ ಹೆಣ್ಣುಮಕ್ಕಳು ಹೊಲದಲ್ಲಿರುತ್ತಾರೆ. ಹತ್ತು ಗಂಟೆಗೆ ಲಸಿಕೆ ಅಂದರೆ ಯಾರು ಬರಬೇಕು? ಆಯಿಯೇ ದಾರಿ ಹೇಳಿದರು. ಸಂಜೆ ಐದರ ಮೇಲೆ ಇಡಿ, ಒಂದು ಮನೆಯಲ್ಲಿ ಅತ್ತೆ ಸೊಸೆ ಇಬ್ಬರನ್ನೂ ಒಂದೇ ದಿನ ಕರೆಯಬೇಡಿ, ಇಬ್ಬರೂ ಮಲಗಿದರೆ ರೊಟ್ಟಿ ಯಾರು ಬಡಿಯಬೇಕು? ಇಷ್ಟು ಸಣ್ಣ ಮಾತು ನಮ್ಮ ಯಾವ ಯೋಜನೆಯಲ್ಲೂ ಇರಲಿಲ್ಲ. ಸಿಸ್ಟರ್ ಆಮೇಲಿನ ದಿನಗಳಲ್ಲಿ ಸಂಜೆಯೂ ಕೂತರು. ಅವರ ಮನೆಯಲ್ಲೂ ಸಣ್ಣ ಮಗು ಇತ್ತು. ಅದನ್ನು ಇಲ್ಲಿ ಬರೆಯದೆ ಬಿಡಲಾರೆ.

ಕೂಸಿನ ಸೂಜಿ

ಕೊರೊನಾ ಗದ್ದಲದಲ್ಲಿ ಇನ್ನೊಂದು ಹಾನಿ ನಡೆದಿತ್ತು. ತಡವಾಗಿ ಕಣ್ಣಿಗೆ ಬಿತ್ತು. ತಾಯಿ ಕಾರ್ಡುಗಳನ್ನು ತೆಗೆದು ನೋಡಿದಾಗ ಕೆಲವು ಮಕ್ಕಳಿಗೆ 9 ತಿಂಗಳ ದಡಾರ–ರುಬೆಲ್ಲಾ ಸೂಜಿ ಆಗಿರಲಿಲ್ಲ. ಕೆಲವರು ಲಾಕ್‌ಡೌನ್‌ನಿಂದ ಬಂದಿರಲಿಲ್ಲ. ಒಂದು ಮನೆಯ ಕಾರಣ ಬೇರೆ ಇತ್ತು. ಕೂಸುಗಳಿಗೂ ಅದರಲ್ಲೇ ಸೇರಿಸಿ ಕೊರೊನಾ ಸೂಜಿ ಮಾಡುತ್ತಾರೆ ಅಂತ ಕೇಳಿ ಹನ್ನೊಂದು ತಿಂಗಳ ಮಗುವನ್ನು ಒಳಗೇ ಇಟ್ಟುಕೊಂಡಿದ್ದರು.

ಆ ಮನೆಗೆ ಸಿಸ್ಟರ್, ಆಯಿ, ನಾನು ಹೋದೆವು. ಸಿಸ್ಟರ್ ಹೊಸ್ತಿಲ ಹತ್ತಿರ ಕೂತು ಎರಡು ಬಾಟಲಿ ಪಕ್ಕಪಕ್ಕ ಇಟ್ಟರು. ಕೊರೊನಾ ಲಸಿಕೆ ನೀರಿನ ಹಾಗೆ, ತಯಾರಾಗೇ ಬರುತ್ತದೆ. ದಡಾರದ್ದು ತಳದಲ್ಲಿ ಒಣ ಪುಡಿ, ಜೊತೆಗೆ ಬೇರೆ ಗಾಜಿನ ಕೊಳವೆಯಲ್ಲಿ ಬೆರೆಸುವ ನೀರು. ಎರಡನ್ನೂ ಕೂಡಿಸಿದ ಮೇಲೆ ಇದನ್ನೂ ನಾಲ್ಕು ತಾಸಿನೊಳಗೆ ಹಾಕಬೇಕು. ದೊಡ್ಡವರಿಗೆ ತೋಳಿನ ಮಾಂಸಕ್ಕೆ ಚುಚ್ಚುವುದು, ಕೂಸಿಗೆ ಬಲ ತೋಳಿನ ಚರ್ಮದ ಕೆಳಗೆ. ಬಾಟಲಿ ಮೇಲಿನ ಸಣ್ಣ ಗುರುತನ್ನೂ ತೋರಿಸಿದರು. ದುಂಡನೆ ಬಣ್ಣದೊಳಗೆ ಒಂದು ಚೌಕ. ಚೌಕ ತಿಳಿ ಇದ್ದರೆ ಲಸಿಕೆ ಚಲೋ ಇದೆ. ಬಿಸಿ ತಾಕಿ ಅದು ಸುತ್ತಲಿನ ಬಣ್ಣದಷ್ಟೇ ಕಪ್ಪಾದರೆ ಹಾಕುವ ಹಾಗಿಲ್ಲ. ಕೂಸಿನ ತಾಯಿ ಬಾಟಲಿ ಕೈಗೆ ತಗೊಂಡು ಬೆಳಕಿಗೆ ಹಿಡಿದು ನೋಡಿದಳು.

ಒಳಗಿನಿಂದ ಅವಳ ಅಜ್ಜಿ ಬಂದರು. ತೋಳಿನ ಮೇಲೆ ರೊಕ್ಕದಷ್ಟಗಲ ಹಳೇ ಕಲೆ. ನಮ್ಮ ಕಡೆ ಸಿಡುಬಿನ ಲಸಿಕೆಗೆ 'ದೇವಿ ಹಾಕೋದು' ಅನ್ನುತ್ತಿದ್ದರು. "ದೇವಿ ಹಾಕಾಂವ ಬಂದಾನ ಅಂದ್ರ ನಾವೆಲ್ಲ ಜ್ವಾಳದ ಹೊಲದಾಗ ಓಡಿ ಹೋಗತಿದ್ವಿ. ನಮ್ಮಪ್ಪ ಹಿಡ್ಕೊಂಡ ಬಂದ್ ಹಾಕಿಸಿದ" ಅಂದರು ಅಜ್ಜಿ. ಆ ಸಿಡುಬು ಈಗ ಎಲ್ಲಿದೆ? ಭಾರತ ಅದರಿಂದ ಬಿಡುಗಡೆ ಆಗಿದ್ದು 1977ರಲ್ಲಿ. 1980ರಲ್ಲಿ ಇಡೀ ಲೋಕದಿಂದಲೇ ಹೋಯಿತು ಅಂತ ಸಾರಿದರು. ಇದನ್ನು ಹೇಳಬೇಕು ಅಂತ ನಾನು ಬಾಯಿ ತೆಗೆಯುವಷ್ಟರಲ್ಲಿ ಅಜ್ಜಿಯೇ ಮೊಮ್ಮಗಳ ಕಡೆ ತಿರುಗಿ ಕೂಸನ್ನು ಎತ್ತಿಕೋ ಅಂತ ಸನ್ನೆ ಮಾಡಿದರು. ನಾನು ಸುಮ್ಮನಾದೆ.

ತಪ್ಪಿಹೋದ ದಡಾರ–ರುಬೆಲ್ಲಾ ಡೋಸನ್ನು ಐದು ವರ್ಷದವರೆಗೂ ಹಾಕಬಹುದು. ಇನ್ನು ಏನು ಮಾಡುವುದು ಅಂತ ಕೈಬಿಟ್ಟ ಮನೆಗಳು ಇದ್ದರೆ ದಯವಿಟ್ಟು ಕಾರ್ಡ್ ಹಿಡಿದುಕೊಂಡು ಗುರುವಾರ ಹೋಗಿ.

ಆಮೇಲೆ

ಆಯಿಯ ಮಗಳಿಗೆ ಆಗಸ್ಟ್ 9ರ ತಪಾಸಣೆ ಆದ ಮೇಲೆ ಲಸಿಕೆ ಆಯಿತು. ಆಗಸ್ಟ್ 13ಕ್ಕೆ ಪಂಚಮಿ. ತವರಿಗೆ ಬಂದ ಬಸುರಿ ಮಗಳಿಗೆ ಉಂಡಿ ಕಟ್ಟಿಕೊಟ್ಟು, ಜೋಕಾಲಿ ಮಾತ್ರ ಬೇಡ ಅಂದರಂತೆ. ಆಯಿಯ ಎರಡನೇ ಡೋಸಿಗೆ 84 ದಿನ ಎಣಿಸಿದರೆ ಅಕ್ಟೋಬರ್ 27. ಅಂಗನವಾಡಿಯ ಕರಿಹಲಗೆಯ ಮೂಲೆಯಲ್ಲಿ ಸುಣ್ಣದ ಕಡ್ಡಿಯಿಂದ ಆ ತಾರೀಕು ಬರೆಸಿಕೊಂಡಿದ್ದರು. ಅದರ ಕೆಳಗೆ ಬೇರೆಯವರ ತಾರೀಕುಗಳೂ ಬಂದವು. ಗೋಡೆಯ ಹಳೇ ಪೋಸ್ಟರ್ ಅಷ್ಟೊತ್ತಿಗೆ ಹೋಗಿತ್ತು. ಒಂದೂವರೆ ವರ್ಷಕ್ಕಿಂತ ಜಾಸ್ತಿ ಮುಚ್ಚಿದ್ದ ಅಂಗನವಾಡಿಗಳು ದೀಪಾವಳಿ ಮುಗಿದ ಮೇಲೆ ನವೆಂಬರ್ 8ಕ್ಕೆ ತೆರೆದವು. ಆವತ್ತು ಬೆಳಿಗ್ಗೆ ಆಯಿ ಎಂದಿನಂತೆ ಮನೆಮನೆಗೆ ಹೋಗಿ ಮಕ್ಕಳ ಕೈ ಹಿಡಿದು ಕರೆತಂದರು. ಕೆಲವು ಮಕ್ಕಳಿಗೆ ಅಂಗನವಾಡಿ ಹೇಗಿರುತ್ತದೆ ಅನ್ನುವುದೇ ಗೊತ್ತಿರಲಿಲ್ಲ.

ಎಲ್ಲರೂ ಹಾಕಿಸಿಕೊಂಡರು ಅಂತ ಬರೆದರೆ ಸುಳ್ಳಾಗುತ್ತದೆ. ಎರಡು ಮನೆಯವರು ಕೊನೆವರೆಗೂ ಒಪ್ಪಲಿಲ್ಲ. ಒಂದು ಮನೆಯ ಯಜಮಾನ ನಮ್ಮ ಮಾತೆಲ್ಲ ಕೇಳಿ, ಚಹಾ ಕೊಟ್ಟು, ಬೇಡ ಅಂದರು. ಅವರ ಮಕ್ಕಳು ಅಂಗನವಾಡಿಗೆ ಬಂದರು, ತತ್ತಿ ತಿಂದರು, ಗುರುವಾರದ ಸೂಜಿಗಳನ್ನೂ ತಪ್ಪಿಸಲಿಲ್ಲ. ಆ ಮನೆಯ ಮುಂದೆ ಹೆಸರು ಬರೆಯುವಾಗ ನಾನು 'ನಿರಾಕರಣೆ' ಅಂತ ಬರೆದೆ. ಅದು ಅಲ್ಲಿ ಸರಿಯಾದ ಪದ. ಅವರನ್ನು ಕೇಳಿದ್ದೆವು, ಅವರು ಉತ್ತರ ಕೊಟ್ಟಿದ್ದರು. ಜನವರಿಯ ಪಟ್ಟಿಯಲ್ಲಿ ಆಯಿ ಹೆಸರಿನ ಮುಂದಿದ್ದ ಅದೇ ಪದವನ್ನು ಹೊಡೆದು 'ಮಾಹಿತಿ ಮುಟ್ಟಿಲ್ಲ' ಅಂತ ತಿದ್ದಿ ಕಚೇರಿಗೆ ಮತ್ತೆ ಕಳಿಸಿದೆ.

ಅಂದಿನಿಂದ ಯಾವ ಹೊಸ ಲಸಿಕೆ, ಹೊಸ ಆಹಾರ, ಹೊಸ ನಿಯಮ ಬಂದರೂ ಸಹಾಯಕಿಯರನ್ನು ಕೂರಿಸಿಕೊಂಡು ಹೇಳುತ್ತೇನೆ. ಮೊದಲೆಲ್ಲ ಬಸ್ ಚಾರ್ಜಿಗೆ ತೊಂದರೆ ಇತ್ತು. 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ಬಸ್ ಫ್ರೀ ಆದ ಮೇಲೆ ಅದು ತಪ್ಪಿತು. ಟೀಚರ್, ಆಯಿ ಇಬ್ಬರೂ ಒಂದೇ ದಿನ ಬಂದರೆ ಅಂಗನವಾಡಿಗೆ ಬೀಗ ಹಾಕಬೇಕಾಗುತ್ತದೆ. ಅದಕ್ಕೆ ಆಯಿಯಂದಿರ ಸಭೆ ಬೇರೆ ದಿನ ಇಡುತ್ತೇನೆ.